ಹಾರೋಹಳ್ಳಿಯ ಶೆಡ್ಡಿನಲ್ಲಿ ಅಳೆದ ಏಟು

ಪತ್ರಿಕೆಯಲ್ಲಿ ವರದಿಗಾರನಿಗೆ ಕೆಲಸ ಹೇಳುವುದು ಸುದ್ದಿ ವಿಭಾಗ. ಈ ಕೆಲಸ ನನಗೆ ಬಂದದ್ದು ಜಾಹೀರಾತು ವಿಭಾಗದಿಂದ. ರಾಮನಗರ ಜಿಲ್ಲೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಬೆಂಗಳೂರಿನ ಪತ್ರಿಕೆಯೊಂದಕ್ಕೆ ನಾನು ಅಲ್ಲಿಯ ವರದಿಗಾರನಾಗಿದ್ದೆ. ಫೋನು ಮಾಡಿದ ಜಾಹೀರಾತಿನವರು ವಿಷಯ ಹೇಳಿದರು: ಬೆಂಗಳೂರಿನ ಒಂದು ಕಂಪನಿ ಕತ್ತಿವರಸೆಯ ವಿಡಿಯೊ ಗೇಮ್ ತಯಾರಿಸುತ್ತಿದೆ. ಆಡುವವರು ಗುಂಡಿ ಒತ್ತುವುದಿಲ್ಲ, ಕೈಯಲ್ಲೊಂದು ರಿಮೋಟು ಹಿಡಿದು ಬೀಸುತ್ತಾರೆ, ಟೀವಿಯೊಳಗಿನ ಕತ್ತಿ ಅದರಂತೆಯೇ ಬೀಸುತ್ತದೆ. ಚನ್ನಪಟ್ಟಣದ ಒಂದು ಗರಡಿಯವರ ವರಸೆಗಳನ್ನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ದಾಖಲು ಮಾಡಿಕೊಳ್ಳುತ್ತಿದ್ದಾರೆ. ಬಿಡುಗಡೆಯ ದಿನ ಒಂದು ಪೂರ್ತಿ ಪುಟದ ಬರಹ ಬೇಕು.

‘ತಲೆಬರಹ ಕಂಪನಿಯವರೇ ಕೊಟ್ಟಿದಾರೆ’ ಎಂದರು. ಅದು ಹೀಗಿತ್ತು: ‘ಇದು ಆಟವಲ್ಲ, ನಿಜ.’

ಬರಹಕ್ಕಿಂತ ಮೊದಲೇ ತಲೆಬರಹ ಬಂದರೆ ಅದನ್ನು ಯಾರೋ ಕೊಟ್ಟ ಹೇಳಿಕೆಯೆಂದೇ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಹೇಳಿಕೆಯನ್ನು ಹೋಗಿ ನೋಡಬಹುದು. ನೋಡಲು ಹೋದೆ.

ಗರಡಿ ಇದ್ದದ್ದು ಚನ್ನಪಟ್ಟಣದ ಹಳೇ ಬೀದಿಯೊಂದರಲ್ಲಿ, ಬೊಂಬೆ ಕಡೆಯುವ ಕಾರ್ಖಾನೆಯ ಹಿಂದೆ. ಗುರುವನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಮನುಷ್ಯ, ತುದಿ ಮೇಲಕ್ಕೆ ತಿರುಗಿದ ಮೀಸೆ. ಮುಂಭಾಗದ ಕಾರ್ಖಾನೆ ಅವರದೇ. ಶಿಷ್ಯರಲ್ಲಿ ಕಂಪನಿ ಆರಿಸಿದ್ದು ಒಂದು ಜೋಡಿಯನ್ನು. ಇಬ್ಬರೂ ಹೊಂಗನೂರಿನವರು, ಒಂದೇ ಬಸ್ಸಿನಲ್ಲಿ ಬರುತ್ತಿದ್ದವರು. ಒಬ್ಬನದು ಮನೆಯಲ್ಲಿ ರೇಷ್ಮೆ ಸಾಕಣೆ. ಇನ್ನೊಬ್ಬ ಉಸ್ತಾದರ ಕಾರ್ಖಾನೆಯಲ್ಲೇ ಕಡಸಲು ಯಂತ್ರದ ಮುಂದೆ ಕೂತು ಬೊಂಬೆ ಕಡೆಯುವವನು. ಇಬ್ಬರನ್ನು ಇಲ್ಲಿ ರೇಷ್ಮೆಯವನು, ಬೊಂಬೆಯವನು ಎಂದೇ ಕರೆಯುತ್ತೇನೆ.

ಆ ಗರಡಿಯಲ್ಲಿ ಒಂದು ನಿಯಮವಿತ್ತು. ಎಷ್ಟೇ ಜೋರಾಗಿ ಬೀಸಿದರೂ ಕೋಲು ಎದುರಿನವನ ಮೈಯಿಂದ ಬೆರಳಗಲ ದೂರದಲ್ಲಿ ನಿಲ್ಲಬೇಕು. ನಿಲ್ಲಿಸುವಾಗಲೇ ಬೀಸಿದವನು ‘ಬುಟ್ಟೆ’ ಎನ್ನಬೇಕು, ಎದುರಿನವನು ‘ಕಂಡೆ’ ಎನ್ನಬೇಕು. ನಿನ್ನನ್ನು ಬಿಟ್ಟಿದ್ದೇನೆ, ಬಿಟ್ಟದ್ದನ್ನು ನಾನು ಕಂಡಿದ್ದೇನೆ ಎಂದು ಅರ್ಥ. ಅಷ್ಟಾದ ಮೇಲೇ ಮುಂದಿನ ಪಟ್ಟು. ಕೋಲು ತಾಗಿಸಿದವನನ್ನು ಮತ್ತೆ ಮೊದಲ ಪಾಠಕ್ಕೆ ಕೂರಿಸುತ್ತಿದ್ದರು. ಬಲದಿಂದ ಬೀಸುವುದು ಯಾರಿಗಾದರೂ ಬರುತ್ತದೆ, ಅಲ್ಲಿ ಕಲಿಸುತ್ತಿದ್ದದ್ದು ನಿಲ್ಲಿಸುವುದನ್ನು.

ನಾನು ಕೂತು ನೋಡಿದ ಮೊದಲ ದಿನ ಕೋಲು ಮೂಗಿನ ಮುಂದೆ ಬಂದು ನಿಂತಾಗ ಬೊಂಬೆಯವನು ಕಣ್ಣು ಮುಚ್ಚಿದ.

‘ಏನ್ಲಾ, ಹೆದ್ರಿಕೊಂಡಾ?’ ಎಂದ ರೇಷ್ಮೆಯವನು.

‘ಹೆದ್ರಿಕೆ ಅಲ್ಲ ಕಣ್ಲಾ. ನಿನ್ ಕೈ ಹತ್ರ ಬಂದ್ರೆ ರೇಷ್ಮೆ ಹುಳದ್ ವಾಸ್ನೆ ಬತ್ತೈತೆ. ಒಸಿ ಸೋಪ್ ಹಾಕ್ಕೊಂಡ್ ಬಾ.’

‘ನಿನ್ ಮೈಯಾಗೆ ಅರಗಿನ ವಾಸ್ನೆ. ಗಂಧದೆಣ್ಣೆ ಅನ್ಕೊಂಡಾ?’

‘ಮಾತು ಆಮೇಲೆ’ ಎಂದರು ಉಸ್ತಾದ್. ‘ಅವ್ನು ಬುಟ್ಟೆ ಅಂದ. ನೀನು ಕಂಡೆ ಅನ್ಲಿಲ್ಲ.’

‘ಕಣ್ಣೇ ಮುಚ್ಚಿದ್ನಲ್ಲ ಉಸ್ತಾದ್, ಎಂಗೆ ಕಾಣಾದು?’

ಹತ್ತಾರು ಜನ ನಕ್ಕರು. ಉಸ್ತಾದರೂ ನಕ್ಕು, ಆ ಪಟ್ಟನ್ನು ಮತ್ತೆ ಮಾಡಿಸಿದರು.

ಹಾರೋಹಳ್ಳಿಯ ಶೆಡ್ಡು ಮೊದಲು ಯಾವುದೋ ಬಿಡಿಭಾಗದ ಕಾರ್ಖಾನೆಯ ಗೋದಾಮಾಗಿತ್ತು. ಮಾಡು ಎತ್ತರವಿದೆ, ಕೋಲು ಬೀಸಿದರೆ ಎಲ್ಲಿಯೂ ತಗಲುವುದಿಲ್ಲ ಎಂದು ಬಾಡಿಗೆಗೆ ಹಿಡಿದಿದ್ದರು. ಒಂದು ದೊಡ್ಡ ಟೀವಿ, ಎದುರಿಗೊಂದು ಸೋಫಾ, ಗೋಡೆಯ ಎರಡು ಮೂಲೆಗಳಲ್ಲಿ ಕ್ಯಾಮೆರಾ, ಮೇಜಿನ ಮೇಲೆ ಕಂಪ್ಯೂಟರುಗಳು. ಕಂಪನಿಯ ಕಡೆಯಿಂದ ಮಾತಾಡುತ್ತಿದ್ದವರು ಇಬ್ಬರು. ಒಬ್ಬ ಮ್ಯಾನೇಜರ್, ಗೇಮ್ ಹೇಗೆ ಕಾಣಬೇಕೆಂದು ಹೇಳುವವನು. ಇನ್ನೊಬ್ಬ ಎಂಜಿನಿಯರ್, ರಿಮೋಟಿನಿಂದ ಬಂದದ್ದನ್ನು ಕತ್ತಿಯ ಚಲನೆಯಾಗಿ ಮಾಡುವವನು. ಎಂಜಿನಿಯರ್ ತನ್ನ ಕೆಲಸ ಚೆನ್ನಾಗಿ ಬಲ್ಲವನಾಗಿದ್ದ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತಿದ್ದ.

ರಿಮೋಟು ಹೊರದೇಶದ್ದು, ಟೀವಿ ರಿಮೋಟಿನಷ್ಟೇ ಹಗುರ. ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಕೈ ಎಲ್ಲಿದೆ ಎಂಬುದನ್ನು ಅಳೆಯುವುದಿಲ್ಲ, ಕೈಯ ವೇಗ ಎಷ್ಟು ಬೇಗ ಬದಲಾಯಿತು ಎಂಬುದನ್ನು ಮಾತ್ರ ಅಳೆಯುತ್ತದೆ. ರಿಮೋಟಿನ ಹಿಂತುದಿಗೆ ಸಿಕ್ಕಿಸುವ ಇನ್ನೊಂದು ತುಂಡು ಆಗತಾನೆ ಮಾರುಕಟ್ಟೆಗೆ ಬಂದಿತ್ತು, ಅದು ಮಣಿಕಟ್ಟಿನ ತಿರುವನ್ನು ಅಳೆಯುತ್ತದೆ. ಎರಡನ್ನೂ ಕೂಡಿಸಿ ಕತ್ತಿ ಎತ್ತ ತಿರುಗಿದೆ ಎಂದು ಲೆಕ್ಕ ಹಾಕಬೇಕು. ಲೆಕ್ಕ ಮೆಲ್ಲಗೆ ತಪ್ಪುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಬೀಸಿದ ಮೇಲೆ ಕೈ ನೆಟ್ಟಗಿದ್ದರೂ ಟೀವಿಯಲ್ಲಿ ಕತ್ತಿ ಎಡಕ್ಕೆ ವಾಲಿರುತ್ತಿತ್ತು. ಆಗ ರಿಮೋಟನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಅಲುಗಿಸದೆ ಬಿಟ್ಟು, ಮತ್ತೆ ಎತ್ತಿಕೊಳ್ಳಬೇಕು.

‘ಯುದ್ಧದ ಮಧ್ಯೆ ಕತ್ತಿ ಮಲಗ್ಸಿ ಏಳ್ಸೋದು’ ಎಂದ ಬೊಂಬೆಯವನು. ‘ಎದುರಾಳಿನೂ ಅಷ್ಟೊತ್ತು ಕಾಯ್ತಾನಾ ಸಾ?’

‘ಕಾಯ್ತಾನೆ’ ಎಂದ ಎಂಜಿನಿಯರ್. ‘ಹಾಗೆ ಬರೆದಿದೀನಿ.’

ಮೊದಲ ದಿನದ ಪರೀಕ್ಷೆಯಲ್ಲಿ ರೇಷ್ಮೆಯವನು ರಿಮೋಟು ಹಿಡಿದು ಟೀವಿಯ ಮುಂದೆ ನಿಂತ. ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಗರಡಿಯ ಪದ್ಧತಿ ಅದು. ಯಂತ್ರ ಅದನ್ನು ಕೆಳಗಿನಿಂದ ಬಂದ ಒಂದು ಏಟೆಂದು ಎಣಿಸಿತು. ಟೀವಿಯೊಳಗಿನ ಎದುರಾಳಿಯ ಮೊಣಕಾಲು ಕುಸಿಯಿತು. ಎಲ್ಲರೂ ನಕ್ಕರು. ನಂತರ ಅವನು ಕುತ್ತಿಗೆಯ ಪಟ್ಟು ಹಾಕಿದ. ಕೈ ಬೀಸಿ ಬಂದು, ಗರಡಿಯಲ್ಲಿ ಹೇಗೋ ಹಾಗೆಯೇ ತಟ್ಟನೆ ನಿಂತಿತು. ‘ಬುಟ್ಟೆ’ ಎಂದ.

ಟೀವಿಯಲ್ಲಿ ಎದುರಾಳಿಯ ತಲೆ ಹಾರಿಹೋಯಿತು. ಕುತ್ತಿಗೆಯಿಂದ ಚಿಮ್ಮಿದ ಕೆಂಪು ಕ್ಯಾಮೆರಾದ ಗಾಜಿಗೇ ಸಿಡಿದಂತೆ ಪರದೆಯ ಮೇಲೆ ಇಳಿಯಿತು.

ಇನ್ನೊಂದು ಪಟ್ಟು, ಇನ್ನೊಂದು ‘ಬುಟ್ಟೆ’. ಈ ಸಲ ತೋಳು ಬಿತ್ತು.

ಎಂಜಿನಿಯರ್ ಕಂಪ್ಯೂಟರಿನಲ್ಲಿ ನನಗೆ ರಿಮೋಟಿನ ಅಳತೆ ಬರೆದ ಗೆರೆಯನ್ನು ತೋರಿಸಿದ. ಬೀಸುವಾಗ ಗೆರೆ ನಿಧಾನವಾಗಿ ಏರುತ್ತದೆ. ತಟ್ಟನೆ ನಿಲ್ಲಿಸಿದಾಗ ವೇಗ ಒಮ್ಮೆಗೇ ಬದಲಾಗುವುದರಿಂದ ಗೆರೆ ಗೋಪುರದ ಹಾಗೆ ನೆಗೆಯುತ್ತದೆ. ಅಳತೆಯ ಮಿತಿ ಮೀರಿದರೆ ಮೇಲ್ತುದಿ ಕತ್ತರಿಸಿದಂತೆ ಸಪಾಟಾಗುತ್ತದೆ. ಚಿಪ್ಪಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಏಟಿಲ್ಲ. ‘ಗೋಡೆಗೆ ಹೊಡೆದರೂ ಹೀಗೇ ಬರುತ್ತೆ, ಗಾಳೀಲಿ ನಿಲ್ಲಿಸಿದರೂ ಹೀಗೇ ಬರುತ್ತೆ. ಎರಡನ್ನೂ ಬೇರೆ ಮಾಡೋಕೆ ಇದಕ್ಕೆ ಆಗಲ್ಲ’ ಎಂದ. ನಾನು ಅದನ್ನು ಬರೆದುಕೊಂಡೆ. ಯಾರನ್ನೂ ನೋಯಿಸದಂತೆ ವರ್ಷಗಟ್ಟಲೆ ಕಲಿತ ಪಟ್ಟು ಆ ಯಂತ್ರಕ್ಕೆ ಎಲ್ಲಕ್ಕಿಂತ ಘೋರವಾದ ಕೊಲೆಯಾಗಿ ಕಾಣುತ್ತಿತ್ತು.

ಮ್ಯಾನೇಜರಿಗೆ ಬಹಳ ಖುಷಿಯಾಗಿತ್ತು. ‘ಸೂಪರ್ ಉಸ್ತಾದ್‌ಜಿ. ನಿಮ್ಮ ಹುಡುಗ ಡೇಂಜರ್.’

ಉಸ್ತಾದರ ಗಮನ ಬೇರೆ ಕಡೆ ಇತ್ತು. ಗೇಮಿನಲ್ಲಿ ಗುರುವಿನ ಪಾತ್ರಕ್ಕೆ ಅವರ ಮುಖವನ್ನೇ ಬಿಡಿಸಿದ್ದರು. ‘ಮೀಸೆ ಹಿಂಗಲ್ಲ ಸಾರ್’ ಎಂದರು. ‘ನಂದು ತುದಿ ಮೇಲೈತೆ. ಇದು ಯಾವ್ದೋ ದಫೇದಾರಂದು.’

ಮೀಸೆ ಸರಿಯಾಯಿತು. ರಕ್ತದ ಬಗ್ಗೆ ಉಸ್ತಾದ್ ಅಂದು ಏನೂ ಹೇಳಲಿಲ್ಲ. ಅವರು ಸರಳ ಮನುಷ್ಯರಾಗಿದ್ದರು, ಆದರೆ ತಮ್ಮ ಮುಖ ಟೀವಿಯಲ್ಲಿ ಬರುವುದು ಬೇಡವೆನ್ನುವಷ್ಟು ಸರಳರಲ್ಲ. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ.

ಮುಂದಿನ ವಾರ ಕಂಪನಿಯವರು ಬೆಂಗಳೂರಿನಿಂದ ಕೆಲವರನ್ನು ಆಡಿ ನೋಡಲು ಕರೆಸಿದರು. ಕತ್ತಿಯ ಗೇಮ್ ಜೊತೆಗೆ ಅದೇ ಡಬ್ಬಿಯಲ್ಲಿ ಬರಲಿದ್ದ ಕ್ರಿಕೆಟ್ಟನ್ನೂ ಆಡಿಸಿದರು. ಮೊದಲು ಎಲ್ಲರೂ ಎದ್ದು ನಿಂತು, ಕಾಲು ಮುಂದಿಟ್ಟು, ಭುಜದಿಂದ ಬ್ಯಾಟು ಬೀಸಿದರು. ಒಂದೆರಡು ಓವರಿನಲ್ಲೇ ಒಬ್ಬ ಕಂಡುಕೊಂಡ, ಸೋಫಾದಲ್ಲಿ ಒರಗಿ ಮಣಿಕಟ್ಟನ್ನು ಕೊಂಚ ಜಾಡಿಸಿದರೂ ಚೆಂಡು ಗೆರೆ ದಾಟುತ್ತದೆ. ಆಮೇಲೆ ಯಾರೂ ಏಳಲಿಲ್ಲ. ಒಂದು ಕೈಯಲ್ಲಿ ಚಿಪ್ಸಿನ ಪೊಟ್ಟಣ, ಇನ್ನೊಂದು ಕೈ ನೊಣ ಓಡಿಸುವಂತೆ ಆಡುತ್ತಿತ್ತು, ಟೀವಿಯಲ್ಲಿ ಸಿಕ್ಸರಿನ ಮೇಲೆ ಸಿಕ್ಸರು. ‘ಇದನ್ನು ಸರಿ ಮಾಡೋಕೆ ಆಗಲ್ವಾ?’ ಎಂದು ಎಂಜಿನಿಯರನ್ನು ಕೇಳಿದೆ.

‘ಆಗುತ್ತೆ. ಪೂರ್ತಿ ಬೀಸಿದರೆ ಮಾತ್ರ ಲೆಕ್ಕ ಅಂತ ಬರೀಬಹುದು. ಆದರೆ ದುಡ್ಡು ಕೊಟ್ಟು ತಗೊಂಡೋರು ಐದು ನಿಮಿಷದಲ್ಲಿ ಸುಸ್ತಾಗಿ ಆಫ್ ಮಾಡ್ತಾರೆ ಸಾರ್. ಕಷ್ಟ ಕಮ್ಮಿ ಇರಬೇಕು, ಕಷ್ಟಪಟ್ಟ ಹಾಗೆ ಅನ್ನಿಸಬೇಕು. ನಮಗೆ ಹೇಳಿರೋದು ಅಷ್ಟು.’

ಕತ್ತಿಯ ಗೇಮಿನಲ್ಲಿ ಎದ್ದ ತೊಂದರೆ ಬೇರೆ. ಬಂದವರಲ್ಲಿ ಯಾರಿಗೂ ಏಟು ನಿಲ್ಲಿಸಲು ಬರುತ್ತಿರಲಿಲ್ಲ. ಕತ್ತಿ ಅಂದರೆ ಎಲ್ಲರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ಬೀಸುವವರೇ. ಅವರ ಗೆರೆ ನೆಗೆಯುತ್ತಿರಲಿಲ್ಲ, ಎದುರಾಳಿ ಬೀಳುತ್ತಿರಲಿಲ್ಲ. ‘ಇದು ನಿಜ ಅನ್ನಿಸ್ತಿಲ್ಲ’ ಎಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ಮ್ಯಾನೇಜರ್ ಅಂದೇ ತೀರ್ಮಾನ ಮಾಡಿದ. ಲೆಕ್ಕವನ್ನು ಮಗುಚಿ ಹಾಕಬೇಕು. ಪೂರ್ತಿ ಬೀಸಿದ್ದೇ ದೊಡ್ಡ ಏಟು. ನಡುವೆ ನಿಲ್ಲಿಸಿದರೆ ಅದು ತಪ್ಪಿದ ಏಟು. ಗರಡಿಯವರ ಪಟ್ಟುಗಳನ್ನೂ ಅದೇ ರೀತಿಯಲ್ಲಿ ಹೊಸದಾಗಿ ದಾಖಲಿಸಬೇಕು.

‘ನಿಲ್ಲಿಸಬೇಡಿ’ ಎಂದು ರೇಷ್ಮೆಯವನಿಗೆ ಹೇಳಿದ. ‘ಹಾಗೇ ಕೊಯ್ಕೊಂಡು ಹೋಗಬೇಕು. ಆಮೇಲೆ ಆ ಬುಟ್ಟೆ ಬುಟ್ಟೆ ಅನ್ನೋದು ಬೇಡ. ಮೈಕಲ್ಲಿ ಬರುತ್ತೆ.’

‘ಬಾಯಿ ಸುಮ್ಕಿದ್ರೆ ಕೈ ನಿಲ್ಲಲ್ಲ ಸಾ’ ಎಂದ ರೇಷ್ಮೆಯವನು.

‘ನಿಲ್ಲೋದೇ ಬೇಡ ಅಂತಿದೀನಲ್ಲ.’

ರಿಮೋಟು ತೀರಾ ಹಗುರವಾಗಿತ್ತು, ಬೀಸಿದರೆ ಕತ್ತಿ ಹಿಡಿದ ಹಾಗೆ ಕಾಣುತ್ತಿರಲಿಲ್ಲ. ಅದಕ್ಕೊಂದು ಹಿಡಿ ಬೇಕೆಂದರು. ಬೊಂಬೆಯವನು ಹಾಲೆ ಮರದಲ್ಲಿ ಒಳಗೆ ಟೊಳ್ಳಾದ ಹಿಡಿಯೊಂದನ್ನು ಕಡೆದು, ಹಳದಿ ಅರಗು ಹಾಕಿ, ರಿಮೋಟನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಕೂರಿಸಿದ. ಮುಂದಕ್ಕೆ ಒಂದು ಬೆತ್ತ ಸಿಕ್ಕಿಸಿದರು. ಕೈಗೆ ಚೆನ್ನಾಗಿ ಕೂರುತ್ತಿತ್ತು. ಆದರೆ ಗರಡಿಯ ಕೋಲಿಗಿಂತ ಅದರ ಭಾರ ಒಂಚೂರು ಮುಂದಕ್ಕಿತ್ತು. ಇದನ್ನು ಅವತ್ತೇ ಬೊಂಬೆಯವನು ಹೇಳಿದ, ನಾನೂ ಎತ್ತಿ ನೋಡಿದೆ, ಎಂಜಿನಿಯರ್ ಅಳತೆ ಬದಲಾಗುತ್ತದೆಂದು ಗುರುತು ಹಾಕಿಕೊಂಡ. ಹಿಡಿಯನ್ನು ಯಾರೂ ಬದಲಾಯಿಸಲಿಲ್ಲ.

ಹೀಗೆ ಕೆಲವು ವಾರ ನಡೆಯಿತು. ಬೆಳಿಗ್ಗೆ ಕಂಪನಿಯ ವ್ಯಾನು ಚನ್ನಪಟ್ಟಣದಿಂದ ಅವರನ್ನು ಕರೆದೊಯ್ಯುತ್ತಿತ್ತು, ಬಿಡುವಿದ್ದ ದಿನ ನಾನೂ ರಾಮನಗರದಲ್ಲಿ ಹತ್ತಿಕೊಳ್ಳುತ್ತಿದ್ದೆ. ಶೆಡ್ಡಿನಲ್ಲಿ ರೇಷ್ಮೆಯವನು ಒಬ್ಬನೇ ಗಾಳಿಗೆ ಬೀಸುತ್ತಿದ್ದ. ಒಂದೇ ಪಟ್ಟನ್ನು ಮತ್ತೆ ಮತ್ತೆ ಮಾಡಬೇಕು. ಎಲ್ಲಾದರೂ ಹಳೆಯ ಅಭ್ಯಾಸದಿಂದ ಕೈ ನಿಂತರೆ ಮ್ಯಾನೇಜರ್ ‘ಕಟ್’ ಎನ್ನುತ್ತಿದ್ದ, ಮತ್ತೆ ಮೊದಲಿನಿಂದ. ಬರಬರುತ್ತಾ ಕೈ ನಿಲ್ಲುವುದು ಕಡಿಮೆಯಾಯಿತು. ಮ್ಯಾನೇಜರ್ ಬೆನ್ನು ತಟ್ಟಿದ.

ಒಂದು ಸಂಜೆ ಗರಡಿಯಲ್ಲಿ, ಸ್ವಂತ ಕೋಲಿನಲ್ಲೇ, ರೇಷ್ಮೆಯವನ ಏಟು ಬೊಂಬೆಯವನ ಅಂಗಿಯ ತೋಳನ್ನು ಸವರಿಕೊಂಡು ಹೋಯಿತು. ‘ಬುಟ್ಟೆ’ ಎಂಬ ಮಾತು ಆಮೇಲೆ ಬಂತು.

‘ಅಂಗಿ ತಾನೆ ಉಸ್ತಾದ್’ ಎಂದ ಬೊಂಬೆಯವನು. ‘ಹಳೇದು. ಹರಿದ್ರೂ ಪರ್ವಾಗಿಲ್ಲ.’

ಉಸ್ತಾದ್ ರೇಷ್ಮೆಯವನ ಕೈಯಿಂದ ಕೋಲು ತೆಗೆದುಕೊಂಡರು. ‘ನಾಳೆಯಿಂದ ಮೊದಲ್ನೇ ಪಾಠ’ ಎಂದರು. ಮಾರನೆಯ ದಿನ ಶೆಡ್ಡಿಗೆ ಬಂದು ಮ್ಯಾನೇಜರಿಗೂ ಹೇಳಿದರು: ‘ನೋಡಿ ಸಾರ್, ಅವ್ನ ಕೈ ಕೆಡ್ತಾ ಐತೆ. ಬೇಗ ಮುಗ್ಸಿ. ನಾನು ಅವನ್ನ ಮತ್ತೆ ತಿದ್ದಬೇಕು.’ ಮ್ಯಾನೇಜರ್ ಇನ್ನು ಸ್ವಲ್ಪವೇ ಬಾಕಿ ಎಂದ. ಅಲ್ಲಿಗೆ ನಿಲ್ಲಿಸಿ ಎಂದು ಉಸ್ತಾದ್ ಹೇಳಬಹುದಿತ್ತು. ಹೇಳಲಿಲ್ಲ.

ಬಾಕಿ ಇದ್ದದ್ದು ಇದು: ಒಬ್ಬನೇ ಗಾಳಿಗೆ ಬೀಸಿದ ಪಟ್ಟುಗಳಲ್ಲಿ ರೇಷ್ಮೆಯವನ ಕಣ್ಣು ಎಲ್ಲೋ ಇರುತ್ತದೆ, ಎದುರಿಗೆ ಮನುಷ್ಯನಿಲ್ಲ ಎಂದು ಗೊತ್ತಾಗಿಬಿಡುತ್ತದೆ, ನಿಜ ಅನ್ನಿಸುವುದಿಲ್ಲ. ಹಾಗಾಗಿ ಬೊಂಬೆಯವನನ್ನು ಎದುರಿಗೆ ನಿಲ್ಲಿಸಿ ದಾಖಲಿಸಬೇಕು. ಇವನು ಪೂರ್ತಿ ಬೀಸಬೇಕು, ಅವನು ಸರಿಯಾದ ಹೊತ್ತಿಗೆ ಹಿಂದೆ ಸರಿಯಬೇಕು. ಮಾತಿಲ್ಲ. ಎಂಜಿನಿಯರ್ ಬೊಂಬೆಯವನ ಭುಜಕ್ಕೂ ತಲೆಗೂ ಮುಂಗೈಗೂ ರಕ್ಷೆ ಕಟ್ಟಿದ. ಮುಂಗೈಯದು ಕ್ಯಾಮೆರಾದಲ್ಲಿ ಕೈಯ ಚಲನೆಯನ್ನು ಮುಚ್ಚುತ್ತದೆಂದು ಮ್ಯಾನೇಜರ್ ಬಿಚ್ಚಿಸಿದ. ಇಷ್ಟನ್ನೂ ನಾನು ಸೋಫಾದ ಪಕ್ಕ ನಿಂತು ನೋಡಿದ್ದೇನೆ.

ಮೊದಲ ಕೆಲವು ಪಟ್ಟು ಸರಿಯಾಗಿ ಹೋದವು. ಆಮೇಲೆ ಮೇಲಿನಿಂದ ಇಳಿಯುವ ಪಟ್ಟು. ಬೆತ್ತ ಇಳಿದು ಬರುವಾಗ ಬೊಂಬೆಯವನ ಬಲಗೈ ತಾನಾಗಿ ಮೇಲೆದ್ದಿತು. ಗರಡಿಯಲ್ಲಿ ಅದನ್ನೇ ಕಲಿಸಿದ್ದು: ಏಟು ಮೇಲೆ ನಿಲ್ಲುತ್ತದೆ, ‘ಕಂಡೆ’ ಎನ್ನುತ್ತಾ ಕೈ ಎತ್ತಬೇಕು. ಏಟು ನಿಲ್ಲಲಿಲ್ಲ. ಒಣ ಕಡ್ಡಿ ಮುರಿದಂಥ ಸದ್ದು ಬಂತು.

ರೇಷ್ಮೆಯವನು ಬೆತ್ತವನ್ನು ನೆಲಕ್ಕೆ ಎಸೆದು ಎರಡೂ ಕೈ ಚಾಚಿಕೊಂಡು ಅವನ ಕಡೆ ಓಡಿದ. ಬೊಂಬೆಯವನು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಿದ್ದ. ಕೂಗಲಿಲ್ಲ. ‘ಏನಾಯ್ತ್ಲಾ, ತೋರ್ಸ್ಲಾ, ಲೇ, ಕೈ ತೋರ್ಸ್ಲಾ’ ಎಂದು ಇವನೇ ಕೂಗುತ್ತಿದ್ದ.

ಅವರಿಬ್ಬರ ತಲೆಯ ಮೇಲಿನಿಂದ ಮ್ಯಾನೇಜರ್ ಎಂಜಿನಿಯರನ್ನು ಕೇಳಿದ: ‘ಸೌಂಡ್ ಬಂತಾ?’

ಈ ಮಾತನ್ನು ನಾನು ಆಗಲೇ, ನಿಂತಲ್ಲೇ ಬರೆದುಕೊಂಡೆ. ಅಪಘಾತ, ಗಲಾಟೆ, ಶವಪರೀಕ್ಷೆ ಎಲ್ಲವನ್ನೂ ನೋಡಿ ವರದಿ ಮಾಡಿದವನು ನಾನು. ಎಲ್ಲಿಯೂ ಅಷ್ಟು ಹೇಸಿಗೆಯಾಗಿದ್ದು ನೆನಪಿಲ್ಲ.

ವ್ಯಾನಿನಲ್ಲೇ ಕನಕಪುರಕ್ಕೆ ಕರೆದೊಯ್ದೆವು. ಮಣಿಕಟ್ಟಿನ ಎರಡು ಮೂಳೆ ಮುರಿದಿದ್ದವು. ಪಟ್ಟಿ ಹಾಕಿದ ವೈದ್ಯರನ್ನು ಬೊಂಬೆಯವನು ಕೇಳಿದ್ದು ಒಂದೇ ಪ್ರಶ್ನೆ: ಉಳಿ ಹಿಡಿಯಬಹುದೇ. ಕಡಸಲಿನ ಮುಂದೆ ತಿರುಗುವ ಮರಕ್ಕೆ ಉಳಿ ಒತ್ತುವಾಗ ಕೂದಲೆಳೆಯಷ್ಟು ಕೈ ನಡುಗಿದರೂ ಬೊಂಬೆ ಹಾಳಾಗುತ್ತದೆ. ವೈದ್ಯರು, ಮೂಳೆ ಕೂಡುತ್ತದೆ, ಮಣಿಕಟ್ಟು ಮೊದಲಿನಷ್ಟು ತಿರುಗುತ್ತದೆಂದು ಹೇಳಲಾರೆ ಎಂದರು. ಆಸ್ಪತ್ರೆಯ ಖರ್ಚನ್ನೆಲ್ಲ ಕಂಪನಿ ಕೊಟ್ಟಿತು. ಅದನ್ನೂ ಇಲ್ಲಿ ಹೇಳಬೇಕು.

ನಾಲ್ಕಾರು ದಿನ ಬಿಟ್ಟು ಮ್ಯಾನೇಜರ್ ಹಣ್ಣಿನ ಬುಟ್ಟಿಯೊಂದಿಗೆ ಚನ್ನಪಟ್ಟಣಕ್ಕೆ ಬಂದ. ಎಂಜಿನಿಯರೂ ಜೊತೆಗಿದ್ದ. ಉಸ್ತಾದರ ಕಾರ್ಖಾನೆಯಲ್ಲಿ, ನಿಂತ ಯಂತ್ರಗಳ ನಡುವೆ ಕೂತರು. ಬೊಂಬೆಯವನು ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ. ರೇಷ್ಮೆಯವನು ಬಾಗಿಲ ಹೊರಗೇ ನಿಂತಿದ್ದ, ಒಳಗೆ ಬಾ ಎಂದರೂ ಬರಲಿಲ್ಲ. ಕ್ಷೇಮ ವಿಚಾರಿಸಿದ ಮೇಲೆ ಮ್ಯಾನೇಜರ್ ಬಂದ ಕಾರಣ ಹೇಳಿದ. ಅವತ್ತಿನ ದಾಖಲೆ ಬಹಳ ಚೆನ್ನಾಗಿ ಬಂದಿದೆ. ಇಷ್ಟು ದಿನದಲ್ಲಿ ಸಿಕ್ಕ ಒಂದೇ ನಿಜವಾದ ಏಟು ಅದು. ಗೇಮಿನ ಕೊನೆಯ ಹಂತಕ್ಕೆ ಇಟ್ಟುಕೊಳ್ಳಬೇಕೆಂದಿದ್ದೇವೆ.

ನಾನು ಎಂಜಿನಿಯರನ್ನು ಕೇಳಿದೆ, ಆ ಗೆರೆ ಹೇಗಿದೆ ಎಂದು.

‘ಮೇಲೆ ಸಪಾಟಾಗಿದೆ’ ಎಂದ. ‘ಮೊದಲನೇ ದಿನ ನಿಲ್ಲಿಸಿದ್ರಲ್ಲ, ಅವತ್ತಿನದೂ ಇದೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗಲ್ಲ. ನಾನು ಇವರಿಗೆ ತೋರಿಸಿದೀನಿ.’

‘ಗೆರೆ ಅಲ್ಲ’ ಎಂದ ಮ್ಯಾನೇಜರ್. ‘ಕ್ಯಾಮೆರಾದಲ್ಲಿ ಮುಖ, ಮೈ, ಆ ಫೀಲ್ ಬಂದಿದೆ.’

ಬೊಂಬೆಯವನು ಎಂಜಿನಿಯರನ್ನು ಕೇಳಿದ: ‘ಆ ಗೆರೇಲಿ ನಾನ್ ಎಲ್ಲವ್ನಿ ಸಾ?’

‘ನೀವಿಲ್ಲ. ರಿಮೋಟ್ ಅವರ ಕೈಲಿತ್ತಲ್ಲ. ಹೊಡೆದ ಕೈ ಮಾತ್ರ ಬರುತ್ತೆ.’

‘ಅಂಗಾರೆ ನನ್ ಏನ್ ಕೇಳೀರಿ’ ಎಂದ ಬೊಂಬೆಯವನು. ಆಮೇಲೆ, ‘ಬ್ಯಾಡ ಸಾ. ಅದ್ ಬ್ಯಾಡ. ಬ್ಯಾರೆ ಎಲ್ಲಾ ಇಟ್ಕಳ್ಳಿ, ಅದೊಂದ್ ತೆಗೆದ್ಬುಡಿ. ಅವ್ನ್ ಇನ್ನೂ ಊಟ ಸರ್ಯಾಗ್ ಮಾಡ್ತಿಲ್ಲ’ ಎಂದು ಬಾಗಿಲ ಕಡೆ ತಲೆಯಾಡಿಸಿದ.

ಉಸ್ತಾದ್ ಆಗ ಬಾಯಿಬಿಟ್ಟರು. ‘ನನ್ ಮುಖನೂ ತೆಗೀರಿ ಸಾರ್. ಗರಡಿ ಹೆಸ್ರೂ ಬೇಡ. ಮೀಸೆ ಯಾರ್ದಾರೂ ಹಾಕ್ಕೊಳ್ಳಿ.’

ಮ್ಯಾನೇಜರ್ ಎಲ್ಲದಕ್ಕೂ ಒಪ್ಪಿದ. ಆ ಏಟನ್ನು ಬಳಸುವುದಿಲ್ಲ ಎಂದು ಬೊಂಬೆಯವನ ಎಡಗೈ ಹಿಡಿದು ಮಾತು ಕೊಟ್ಟ. ನಾನು ಅಲ್ಲಿದ್ದೆ, ಆ ಮಾತನ್ನೂ ಬರೆದುಕೊಂಡೆ. ಕಾರಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು, ‘ಸಾರ್, ನಿಮ್ಮ ಪುಟದಲ್ಲಿ ಒಂದು ಸಣ್ಣ ಗಾಯ ಅಂತ ಹಾಕಿದರೆ ನಮ್ಮದೇನೂ ಅಭ್ಯಂತರ ಇಲ್ಲ. ಅದೂ ಒಂಥರಾ ಒಳ್ಳೇದೇ, ನಿಜವಾದ ಫೈಟ್ ಅಂತ ಜನಕ್ಕೆ ಗೊತ್ತಾಗುತ್ತೆ’ ಎಂದ.

ಆವತ್ತೇ ಮಧ್ಯಾಹ್ನ ನಾನು ಕಚೇರಿಗೆ ಎರಡು ವಿಷಯ ತಿಳಿಸಿದೆ. ವಿಶೇಷ ಪುಟವನ್ನು ಬರೆಯುವುದಿಲ್ಲ, ಆ ತಲೆಬರಹ ಸುಳ್ಳೆಂದು ನಾನೇ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಶೆಡ್ಡಿನ ಅವಘಡದ ವರದಿಯನ್ನು ಕಳಿಸುತ್ತಿದ್ದೇನೆ, ಅದರಲ್ಲಿ ನಿಯಮ ಬದಲಾಯಿಸಿದ್ದು, ಮಾತು ನಿಲ್ಲಿಸಿದ್ದು, ಮುಂಗೈ ರಕ್ಷೆ ಬಿಚ್ಚಿಸಿದ್ದು, ಹಿಡಿಯ ಭಾರ ಎಲ್ಲವೂ ಇದೆ, ಇವುಗಳಲ್ಲಿ ಯಾವುದರಿಂದ ಹೀಗಾಯಿತೆಂದು ನಾನು ಹೇಳಿಲ್ಲ.

ಸುದ್ದಿ ಸಂಪಾದಕರು ಒಳ್ಳೆಯವರು. ‘ಪುಟ ಮಾರಾಟ ಆಗಿದೆಯಪ್ಪ’ ಎಂದರು. ‘ನೀನು ಬರೀದಿದ್ರೆ ಅವರೇ ಬರ್ಕೊಂಡು ಕೊಡ್ತಾರೆ. ವರದಿ ಹಾಕ್ತೀನಿ. ಕಂಪನಿ ಹೆಸರು ಇರಲ್ಲ.’

ಹಾಗೆಯೇ ಆಯಿತು. ನನ್ನ ವರದಿ ಒಳಪುಟದಲ್ಲಿ, ‘ಅಭ್ಯಾಸದ ವೇಳೆ ಯುವಕನಿಗೆ ಗಾಯ’ ಎಂಬ ಮೂರು ವಾಕ್ಯವಾಗಿ ಬಂತು. ಎಷ್ಟೋ ವಾರದ ನಂತರ ವಿಶೇಷ ಪುಟ ಬಣ್ಣದಲ್ಲಿ ಬಂತು, ಬರೆದವರ ಹೆಸರಿರಲಿಲ್ಲ, ತಲೆಬರಹ ಅದೇ ಇತ್ತು. ಚಿತ್ರದಲ್ಲಿ ಗುರುವಿಗೆ ಮೀಸೆ ಇರಲಿಲ್ಲ. ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡಿದ್ದರು.

ಉಳಿದ ಮಾತು ಏನಾಯಿತೆಂದು ಗೊತ್ತಾದದ್ದು ಮೈಸೂರು ರಸ್ತೆಯ ಒಂದು ದೊಡ್ಡ ಹೋಟೆಲಿನಲ್ಲಿ. ಭಾನುವಾರ ಬೆಂಗಳೂರಿನ ಕಾರುಗಳು ತಿಂಡಿಗೆ ನಿಲ್ಲುವ ಜಾಗ. ಅದರ ಅಂಗಳದಲ್ಲಿ ಕಂಪನಿಯವರು ಶಾಮಿಯಾನ ಹಾಕಿ, ಟೀವಿ ಇಟ್ಟು, ಬಂದವರಿಗೆಲ್ಲ ಆಡಲು ಕೊಡುತ್ತಿದ್ದಾರೆಂದು ಕೇಳಿ ನೋಡಲು ಹೊರಟೆ. ಬೊಂಬೆಯವನು ನನ್ನ ಸ್ಕೂಟರಿನ ಹಿಂದೆ ಕೂತು ಬಂದ. ಪಟ್ಟಿ ಬಿಚ್ಚಿ ಬಹಳ ದಿನವಾಗಿತ್ತು. ಕಡಸಲು ಅವನಿಗೆ ಆಗುತ್ತಿರಲಿಲ್ಲ, ಕಾರ್ಖಾನೆಯಲ್ಲಿ ಬೇರೆಯವರು ಕಡೆದ ಬೊಂಬೆಗಳನ್ನು ಎಡಗೈಯಲ್ಲಿ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ.

ಶಾಮಿಯಾನದಲ್ಲಿ ಗದ್ದಲವಿತ್ತು. ಮೈಕು ಹಿಡಿದ ಒಬ್ಬ ಯುವಕ ಒಬ್ಬೊಬ್ಬರನ್ನೇ ಕರೆದು ಆಡಿಸುತ್ತಿದ್ದ. ಒಬ್ಬಾಕೆ ಕೊನೆಯ ಹಂತಕ್ಕೆ ಬಂದಿದ್ದಳು. ಆಕೆ ಮಣಿಕಟ್ಟು ಜಾಡಿಸಿದಾಗ ಟೀವಿಯೊಳಗಿನ ಯೋಧನ ಕತ್ತಿ ಮೇಲಿನಿಂದ ಇಳಿಯಿತು. ಸ್ಪೀಕರಿನಿಂದ ಒಂದು ಸದ್ದು ಬಂತು. ಆ ಸದ್ದನ್ನು ನಾನು ಮೊದಲೇ ಶೆಡ್ಡಿನಲ್ಲಿ ಕೇಳಿದ್ದೆ. ಎದುರಾಳಿಯ ಕೈ ತುಂಡಾಗಿ ಬಿತ್ತು. ಯೋಧ ಕತ್ತಿಯನ್ನು ನೆಲಕ್ಕೆ ಎಸೆದು, ಎರಡೂ ಕೈ ಚಾಚಿಕೊಂಡು ಮುಂದಕ್ಕೆ ಓಡಿದ. ಅವನ ಬಾಯಿಗೆ ಒಂದು ನಗು ಬರೆದಿದ್ದರು. ಎದುರಾಳಿ ಇದ್ದ ಜಾಗದಲ್ಲಿ ಈಗ ಹೊನ್ನಿನ ಬಣ್ಣದ ಅಕ್ಷರಗಳು ಸಿಡಿಯುತ್ತಿದ್ದವು.

‘ಅದೇ ನೋಡಿ ವಿಕ್ಟರಿ ಸ್ಟೈಲು’ ಎಂದ ಮೈಕಿನವನು. ‘ಹೊಡೆದ ತಕ್ಷಣ ನೀವೂ ಹಾಗೇ ಕೈ ಕೆಳಗೆ ಜಾಡಿಸಿ, ಮುಂದಕ್ಕೆ ಹೆಜ್ಜೆ ಇಡಿ ಮೇಡಂ. ಬೋನಸ್ ಪಾಯಿಂಟ್ ಸಿಗುತ್ತೆ.’

ಆಕೆ ಹಾಗೇ ಮಾಡಿದಳು. ಆಕೆಯ ಮನೆಯವರು ಚಪ್ಪಾಳೆ ತಟ್ಟಿದರು. ಮುಂದಿನವನೂ ಹಾಗೇ ಮಾಡಿದ.

ಬೊಂಬೆಯವನು ಜನರನ್ನು ಸರಿಸಿಕೊಂಡು ಮೈಕಿನವನ ಹತ್ತಿರ ಹೋದ. ನಾನೂ ಹಿಂದೆಯೇ ಹೋದೆ. ಅವನು ದನಿ ಏರಿಸಲಿಲ್ಲ.

‘ಅದು ಸ್ಟೈಲಲ್ಲ ಸಾ’ ಎಂದ. ‘ಅವ್ನು ನನ್ ಕೈ ನೋಡಕ್ಕೆ ಓಡ್ಬಂದಿದ್ದು.’

ಮೈಕಿನವನು ಮೈಕನ್ನು ಬಾಯಿಂದ ದೂರ ಹಿಡಿದು, ನಮ್ಮಿಬ್ಬರನ್ನೂ ನೋಡಿ, ಮರ್ಯಾದೆಯಿಂದಲೇ ಕೇಳಿದ: ‘ನೀವು ಕ್ಯೂನಲ್ಲಿದೀರಾ?’

‘ಇಲ್ಲ’ ಎಂದ ಬೊಂಬೆಯವನು.

‘ಹಾಗಾದರೆ ಸ್ವಲ್ಪ ಪಕ್ಕಕ್ಕೆ ಬನ್ನಿ. ಆಡೋರಿಗೆ ಕೈ ಬೀಸೋಕೆ ಜಾಗ ಬೇಕು.’

ನಾವು ಪಕ್ಕಕ್ಕೆ ಸರಿದೆವು.